ಉಡಿಯಲ್ಲಿ ಬಂದ ಮನೆ

ಅಪ್ಪ ಅವ್ವನನ್ನು ಹೊಡೆಯುತ್ತಿದ್ದದ್ದು ಬಟ್ಟೆ ಅಳೆಯುವ ಕಬ್ಬಿಣದ ಗಜದಿಂದ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಅವನದೊಂದು ಜವಳಿ ಅಂಗಡಿ ಇತ್ತು. ಅಂಗಡಿಗಳಿಗೆಲ್ಲ ಮೀಟರ್ ಕೋಲು ಬಂದ ಮೇಲೆ ಹಳೆಯ ಗಜಕ್ಕೆ ಕೆಲಸವಿಲ್ಲದಂತಾಯಿತು. ಅವನು ಅದನ್ನು ಮನೆಗೆ ತಂದು ಬಾಗಿಲ ಹಿಂದೆ ನಿಲ್ಲಿಸಿಕೊಂಡ. ಸರ್ಕಾರ ಬೇಡವೆಂದದ್ದಕ್ಕೆ ನಮ್ಮ ಮನೆಯಲ್ಲಿ ಹೊಸ ನೌಕರಿ ಸಿಕ್ಕಿತು.

ಕಾರಣ ಏನಾದರೂ ಆಗಬಹುದಿತ್ತು. ಗಿರಾಕಿಯೊಬ್ಬ ಹತ್ತು ಥಾನು ಬಿಚ್ಚಿಸಿ ಏನೂ ಕೊಳ್ಳದೆ ಎದ್ದು ಹೋಗಿರುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾಗಿರುತ್ತಿತ್ತು. ಕರೆದಾಗ ಅವ್ವ ಓಗೊಟ್ಟಿರುತ್ತಿರಲಿಲ್ಲ, ಇಲ್ಲವೇ ಓಗೊಟ್ಟ ದನಿ ಸರಿಯಿರುತ್ತಿರಲಿಲ್ಲ. ಮುಖಕ್ಕೆ ಹೊಡೆದರೆ ಓಣಿಯವರಿಗೆ ಕಾಣುತ್ತದೆ ಎಂಬ ಎಚ್ಚರ ಮೊದಮೊದಲು ಇತ್ತಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದೂ ಹೋಗಿತ್ತು. ಅವ್ವನ ಎಡಗೈ ಮಣಿಕಟ್ಟು ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ರೊಟ್ಟಿ ಬಡಿಯುವಾಗ ಆ ಕೈಯ ಸದ್ದೇ ಬೇರೆ ಇರುತ್ತಿತ್ತು.

ಹೊಡೆದು ದಣಿದ ಮೇಲೆ ಅಪ್ಪ ಹೇಳುತ್ತಿದ್ದದ್ದು ಯಾವಾಗಲೂ ಒಂದೇ ಮಾತು. "ಹೋಗು, ಹೋಗು ನಿನ್ನ ತವರಮನಿಗೆ!"

ಅವ್ವ ಹೋಗುತ್ತಿದ್ದಳು. ಒಂದು ಕೈಚೀಲದಲ್ಲಿ ಎರಡು ಸೀರೆ ತುರುಕಿ, ನನ್ನನ್ನು ಎಳೆದುಕೊಂಡು, ಸಿರುಗುಪ್ಪದ ಬಸ್ಸು ಹತ್ತುತ್ತಿದ್ದಳು. ಸಿರುಗುಪ್ಪದಲ್ಲಿ ಇಳಿದು ಕರೂರಿನ ಬಸ್ಸು. ಬಸ್ಸು ಇಲ್ಲದಿದ್ದರೆ ಯಾರದಾದರೂ ಬಂಡಿ. ಸೆರಗಿನಿಂದ ಅರ್ಧ ಮುಖ ಮುಚ್ಚಿಕೊಂಡು ಕೂತ ಹೆಂಗಸನ್ನು ಆ ದಾರಿಯ ಕಂಡಕ್ಟರುಗಳು ಏನೂ ಕೇಳುತ್ತಿರಲಿಲ್ಲ. ನಾನೊಬ್ಬಳೇ ಮಗಳು, ಸಿಟ್ಟು ಮಾತ್ರ ಅಪ್ಪನದೇ ಬಂದಿದೆ. ಕಿಟಕಿಯ ಸರಳು ಹಿಡಿದು ತೆಕ್ಕಲಕೋಟೆ ಬರುವವರೆಗೂ ಹಲ್ಲು ಕಡಿಯುತ್ತಿದ್ದೆ.

ಕರೂರಿನ ಆ ಮನೆ ಏಳಂಕಣದ್ದು. ಎರಡು ಕಂಬಗಳ ಸಾಲಿನ ನಡುವಿನ ಜಾಗಕ್ಕೆ ನಮ್ಮಲ್ಲಿ ಅಂಕಣ ಎನ್ನುತ್ತಾರೆ, ಮನೆಯ ದೊಡ್ಡಸ್ತಿಕೆಯನ್ನು ಅದರಲ್ಲೇ ಅಳೆಯುತ್ತಾರೆ. ಸಾಗವಾನಿ ಕಂಬ, ಸಾಗವಾನಿ ತೊಲೆ, ಮೇಲೆ ಮಣ್ಣಿನ ಮಾಳಿಗೆ. ತಲೆಬಾಗಿಲು ಕಳ್ಳರ ಭಯವಿದ್ದ ಕಾಲದ್ದು. ಗೇಣು ದಪ್ಪದ ಹಲಗೆ, ಮೈತುಂಬ ಕಬ್ಬಿಣದ ಮೊಳೆ, ಒಳಗಿನಿಂದ ಅಡ್ಡ ಹಾಕುವ ದೊಡ್ಡ ಅಗುಳಿ. ನಾವು ಒಳಗೆ ಬಂದ ಕೂಡಲೇ ಅಜ್ಜ ಏನೂ ಕೇಳದೆ ಎದ್ದು ಹೋಗಿ ಆ ಅಗುಳಿ ಹಾಕುತ್ತಿದ್ದ. ಅವ್ವ ಪಡಸಾಲೆಯ ನಡುಗಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಬೆನ್ನು ತುಂಬ ಬಾಸುಂಡೆ ಇದ್ದರೂ ಅಲ್ಲೇ ಕೂರುತ್ತಿದ್ದಳು. ಅಲ್ಲಿ ಮಾತ್ರ ಅವಳಿಗೆ ನಿದ್ದೆ ಬರುತ್ತಿತ್ತು.

ವಾರವೋ ಹದಿನೈದು ದಿನವೋ ಕಳೆದ ಮೇಲೆ ಅಪ್ಪ ಕರೆಯಲು ಬರುತ್ತಿದ್ದ. ಹೊರಗಿನ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಮನೆಯವರು ಕಾಲಿಗೆ ನೀರು ಕೊಟ್ಟು, ಉಣ್ಣಲು ಕೊಟ್ಟು, ಮಗಳನ್ನು ಅವನ ಹಿಂದೆ ಕಳಿಸುತ್ತಿದ್ದರು. ಅಳಿಯನ ಮುಖಕ್ಕೆ ಒಂದು ಮಾತು ಹೇಳಲು ಯಾರ ಬಾಯಿಯೂ ಬರುತ್ತಿರಲಿಲ್ಲ. ಹೋಳಿಗೆ ಬಡಿಸಲು ಮಾತ್ರ ಎಲ್ಲರ ಕೈಯೂ ಬರುತ್ತಿತ್ತು. ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ.

ಅಜ್ಜ ಹೋದ ಮೇಲೆ ಆ ಮನೆಯೊಳಗೇ ಕೊಡಲಿ ಬಂತು.

ಅವ್ವನಿಗೆ ಒಬ್ಬ ಅಣ್ಣ, ಒಬ್ಬ ತಮ್ಮ. ನನಗೆ ದೊಡ್ಡ ಮಾವ, ಸಣ್ಣ ಮಾವ. ಗದ್ದೆ ಪಾಲಾಯಿತು, ಎತ್ತು ಪಾಲಾಯಿತು, ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟ ಜೋಳ ಪಾಲಾಯಿತು. ಏಳಂಕಣ ಮಾತ್ರ ಪಾಲಾಗಲಿಲ್ಲ. ಮೂರು ಇವನಿಗೆ, ಮೂರು ಅವನಿಗೆ, ನಡುವಿನದು ಯಾರಿಗೆ? ಅದರಲ್ಲಿಯೇ ಆ ನಡುಗಂಬ ಇತ್ತು. ಬತ್ತದ ಸುಗ್ಗಿ ನಡೆದಿತ್ತು. ಅವ್ವ ದವಡೆ ಊದಿಸಿಕೊಂಡು ಬಂದು, ಒದ್ದೆ ಬಟ್ಟೆ ಕಟ್ಟಿಕೊಂಡು, ಅದೇ ಕಂಬದ ಹತ್ತಿರ ಮಲಗಿದ್ದಳು. ನನಗಾಗ ಹದಿನಾರೋ ಹದಿನೇಳೋ ಇರಬೇಕು. ಬೆಳಿಗ್ಗೆ ಸಣ್ಣ ಮಾವ ಗೋಡೆ ಕಟ್ಟಲೆಂದು ನಡು ಅಂಕಣದಲ್ಲಿ ದಾರ ಹಿಡಿದು ಸುಣ್ಣದ ಗೆರೆ ಎಳೆದ. ಗೆರೆ ಕಂಬದ ಆಚೆಗೆ ಹೋಯಿತು. ಅಂದರೆ ಕಂಬ ಅವನ ಪಾಲಿಗೆ ಬಂತು.

ದೊಡ್ಡ ಮಾವ ಹಲ್ಲುಜ್ಜುತ್ತಿದ್ದವನು ಹಾಗೆಯೇ ಬಂದ. "ಕಂಬ ನಂದು ಲೇ. ನಾನು ಹುಟ್ಟಿದ ವರ್ಷ ಅಪ್ಪ ನಿಲ್ಸಿದ್ದು."

"ನಿಂದಾದ್ರ ಹೊತ್ಕೊಂಡು ಹೋಗು," ಎಂದ ಸಣ್ಣ ಮಾವ.

"ಹೋಗ್ತೀನಿ. ಕಡಿದು ಹೊತ್ಕೊಂಡು ಹೋಗ್ತೀನಿ!"

ಬಾಯಲ್ಲಿ ಬೇವಿನ ಕಡ್ಡಿ ಇದ್ದ ಹಾಗೆಯೇ ಅವನು ಕೊಡಲಿ ತಂದು ಕಂಬಕ್ಕೆ ಬೀಸಿದ. ಮಾಳಿಗೆಯ ಮಣ್ಣು ನಮ್ಮ ತಲೆಯ ಮೇಲೆ ಸುರಿಯಿತು. ಮತ್ತೊಮ್ಮೆ ಬೀಸಿದ. ಸಣ್ಣ ಮಾವ ಓಡಿ ಬಂದು ಕಂಬವನ್ನು ಅಪ್ಪಿಕೊಂಡ, ಆಗ ಬೀಸಿದ ಏಟು ಅವನ ಬಲಗೈ ಮೇಲೆ ಬಿತ್ತು. ಕಿರುಬೆರಳು, ಅದರ ಪಕ್ಕದ ಬೆರಳು ನೆಲಕ್ಕೆ ಬಿದ್ದವು. ರಕ್ತ ಕಂಬದ ಗುಂಟ ಇಳಿದು ಸುಣ್ಣದ ಗೆರೆಗೆ ಬಂತು. ದೊಡ್ಡ ಮಾವ ಅಷ್ಟಕ್ಕೆ ನಿಲ್ಲಲಿಲ್ಲ, ಕೊಡಲಿಯನ್ನು ಇನ್ನೊಮ್ಮೆ ಎತ್ತಿದ. ಮಲಗಿದ್ದ ಅವ್ವ ಎದ್ದಳು. ಮೂಲೆಯಲ್ಲಿದ್ದ ಒನಕೆ ತೆಗೆದುಕೊಂಡು ಅಣ್ಣನ ಮೊಣಕಾಲಿಗೆ ಬಾರಿಸಿದಳು. ಅವನು ಕುಸಿದ. ಕುಸಿದವನಿಗೆ ಭುಜದ ಮೇಲೆ ಇನ್ನೆರಡು ಕೊಟ್ಟಳು, ಕೊಡಲಿ ಕೈಬಿಡುವವರೆಗೆ ಕೊಟ್ಟಳು. ಅವ್ವ ಹೊಡೆತ ತಿನ್ನುವುದನ್ನು ಮಾತ್ರ ಕಂಡಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ.

ಸಿರುಗುಪ್ಪದ ಆಸ್ಪತ್ರೆಯಲ್ಲಿ ಸಣ್ಣ ಮಾವ, ಮೇವು ಕತ್ತರಿಸುವಾಗ ಕೈ ಸಿಕ್ಕಿತು ಎಂದು ಹೇಳಿದ. ಮನೆತನದ ಮರ್ಯಾದೆ ಉಳಿಯಿತಂತೆ. ಬೆರಳು ಉಳಿಯಲಿಲ್ಲ. ಊರ ಹಿರಿಯರು ಕೂತು ಇಬ್ಬರನ್ನೂ ಮನೆಯಿಂದ ಹೊರಗೆ ಹಾಕಿದರು. ಇವನು ಊರ ಆ ತುದಿಗೆ, ಅವನು ಈ ತುದಿಗೆ ಬೇರೆ ಬೇರೆ ಮನೆ ಮಾಡಿಕೊಂಡರು. ತಲೆಬಾಗಿಲಿಗೆ ಎರಡು ಕೀಲಿ ಬಿದ್ದವು, ಒಂದು ಅವನದು, ಒಂದು ಇವನದು. ಮಾರೋಣವೆಂದರೆ ಒಬ್ಬ ಹೂಂ ಅಂದದ್ದಕ್ಕೆ ಇನ್ನೊಬ್ಬ ಹೂಂ ಅನ್ನುತ್ತಿರಲಿಲ್ಲ. ಮಳೆಗಾಲ ಬಂದು ಹೋಯಿತು. ಮಾಳಿಗೆಯ ಮೇಲೆ ಹುಲ್ಲು ಬೆಳೆಯಿತು.

ಅಪ್ಪನ ಕಣ್ಣು ಆ ಮನೆಯ ಮೇಲೆ ಬಿದ್ದದ್ದು ಆಗ. ನಾವಿದ್ದದ್ದು ಬ್ರೂಸ್‌ಪೇಟೆಯ ಒಂದು ಸಂದಿಯ ಬಾಡಿಗೆ ಮನೆಯಲ್ಲಿ. ಊರ ಹೊರಗೆ ಕೊಳಗಲ್ಲಿನ ದಾರಿಯ ಕಡೆ ಅಪ್ಪನ ಹೆಸರಿನಲ್ಲಿ ಒಂದು ಖಾಲಿ ಜಾಗ ಇತ್ತು. ಹಳೆಯ ಮನೆಯನ್ನು ಬಿಚ್ಚಿ, ಮರಮುಟ್ಟು ಹೊತ್ತು ತಂದು, ಬೇರೆ ಕಡೆ ನಿಲ್ಲಿಸಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಗೋಡೆ ಮಣ್ಣಿನದು, ಅದು ಹೋದರೂ ಆಗುತ್ತದೆ, ಮನೆ ಅಂದರೆ ಅದರ ಮರ. ಆದರೆ ಅಪ್ಪನಿಗೆ ಅದು ಪುಕ್ಕಟೆ ಬೇಕಾಗಿತ್ತು. ಮತ್ತೆಂದೂ ಯಾವ ಮಾವನೂ ತಕರಾರು ತೆಗೆಯದಂತೆ ಬೇಕಾಗಿತ್ತು. ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡ. "ಅರಿಶಿಣ ಕುಂಕುಮಕ್ಕ ಕೊಡಸ್ಕೊಂತೀನಿ," ಎಂದ.

ತವರಿನವರು ಮಗಳಿಗೆ ಅರಿಶಿನ ಕುಂಕುಮಕ್ಕೆಂದು ಹೊಲವನ್ನೋ ದನವನ್ನೋ ಕೊಟ್ಟರೆ ಅದನ್ನು ಹಿಂದಕ್ಕೆ ಕೇಳುವ ಹಾಗಿಲ್ಲ. ಕೇಳಿದವನ ಮನೆಯಲ್ಲಿ ಊರವರು ನೀರು ಕುಡಿಯುವುದಿಲ್ಲ. ಅಪ್ಪ ಕರೂರಿಗೆ ಹೋಗಿ ಇಬ್ಬರು ಮಾವಂದಿರನ್ನೂ ಬೇರೆ ಬೇರೆಯಾಗಿ ಕಂಡು ಬಂದ. ಇಬ್ಬರೂ ಒಂದೇ ಏಟಿಗೆ ಒಪ್ಪಿದ್ದರು. ತಂಗಿಯ ಮೇಲಿನ, ಅಕ್ಕನ ಮೇಲಿನ ಪ್ರೀತಿಯಿಂದಲ್ಲ. ಇನ್ನೊಬ್ಬನಿಗೆ ಸಿಗದಿದ್ದರೆ ಸಾಕು ಎಂಬ ಹೊಟ್ಟೆಕಿಚ್ಚಿನಿಂದ. ಒಂದೇ ಒಂದು ಉಳಿಯಿತು. ಹಾಗೆ ಕೊಟ್ಟದ್ದನ್ನು ಹೆಣ್ಣುಮಗಳು ತಾನೇ ಹಿರಿಯರ ಮುಂದೆ ಉಡಿಯೊಡ್ಡಿ ತೆಗೆದುಕೊಳ್ಳಬೇಕು. ಅವಳು ಉಡಿಯೊಡ್ಡದಿದ್ದರೆ ಕೊಟ್ಟದ್ದು ಕೊಟ್ಟ ಹಾಗಲ್ಲ.

"ನಾನು ಒಲ್ಲೆ," ಎಂದಳು ಅವ್ವ.

ಅಪ್ಪ ಮೊದಲು ಅವಳ ಮಾತು ಕೇಳಿಸದವನಂತೆ ಊಟ ಮುಗಿಸಿದ. ಕೈ ತೊಳೆದು ಬಂದು ಬಾಗಿಲ ಹಿಂದಿನಿಂದ ಗಜ ತೆಗೆದ. ಅವತ್ತು ಅವನು ಕೂಗಲಿಲ್ಲ, ಬಯ್ಯಲಿಲ್ಲ. ಪ್ರತಿ ಏಟಿಗೂ "ಒಡ್ಡತಿಯೋ ಇಲ್ಲೋ" ಎಂದು ಮೆಲ್ಲಗೆ ಕೇಳುತ್ತ ಹೋದ. ನಾನು ಅವನ ಕೈಗೆ ಜೋತುಬಿದ್ದೆ. ಕೊಡವಿದ ರಭಸಕ್ಕೆ ನನ್ನ ತಲೆ ಹೊಸ್ತಿಲಿಗೆ ಬಡಿಯಿತು. ಹುಬ್ಬಿನ ಮೇಲಿನ ಈ ಗೆರೆ ಅವತ್ತಿನದೇ. ಅವ್ವನ ಮುಂದಿನ ಹಲ್ಲು ಮುರಿಯಿತು. ಅವಳು ಅದನ್ನು ಅಂಗೈಗೆ ಉಗುಳಿಕೊಂಡು ನೋಡಿದಳು. ಆಮೇಲೆ, "ಮನಿ ನೋಡಿ ಬಂದು ಹೇಳ್ತೀನಿ," ಎಂದಳು.

ಮರುದಿನ ಬಸ್ಸಿನಲ್ಲಿ ನಾನು ತಡೆಯಲಾರದೆ ಹೇಳಿದೆ. "ಬ್ಯಾಡವ್ವ. ಕೊಂದ್ರೂ ಹೂಂ ಅನಬ್ಯಾಡ. ಆ ಮನಿ ಇಲ್ಲಿಗೆ ಬಂತಂದ್ರ ಅಪ್ಪಂದಾತು. ಆಮ್ಯಾಲ ಹೊಡದಾಗ ಎಲ್ಲಿಗೆ ಓಡಿ ಹೋಗ್ತಿ?"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು. ನಾನು ಕೇಳಿದ್ದೇ ಅವಳ ಮನಸ್ಸಿನಲ್ಲೂ ಇತ್ತು ಎಂದು ನನಗೆ ಗೊತ್ತಿತ್ತು. ಬೇರೆ ಇನ್ನೇನಿರಲು ಸಾಧ್ಯ? ಅವಳಿಗೆ ಇಡೀ ಭೂಮಿಯ ಮೇಲೆ ಅಗುಳಿ ಹಾಕಿಕೊಂಡು ಮಲಗಲು ಇದ್ದದ್ದು ಅದೊಂದೇ ಜಾಗ.

ಕರೂರಿನಲ್ಲಿ ಮನೆಯ ಸುತ್ತ ಒಂದು ಸುತ್ತು ಬಂದೆವು. ಹಿಂದಿನ ಗೋಡೆ ಕುಸಿದು ಒಳಗೆಲ್ಲ ಕಾಣುತ್ತಿತ್ತು. ಬೆಳಕಿಂಡಿಯಿಂದ ಬಿದ್ದ ಬಿಸಿಲಿನಲ್ಲಿ ನಡುಗಂಬ ನಿಂತಿತ್ತು, ಎದೆಯೆತ್ತರದಲ್ಲಿ ಕೊಡಲಿಯ ಗಾಯ. ರಕ್ತದ ಕಲೆ ಒಣಗಿ ಮರದ ಬಣ್ಣಕ್ಕೇ ತಿರುಗಿತ್ತು. ಹೊತ್ತು ಇಳಿಯುತ್ತಿತ್ತು, ಬಳ್ಳಾರಿಗೆ ತಿರುಗಿ ಹೋಗಲು ಬಸ್ಸಿರಲಿಲ್ಲ. ಅವ್ವ ದೊಡ್ಡ ಮಾವನ ಹೊಸ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ನಿಂತು, "ಇಲ್ಲಿ ಉಳದ್ರ ನಿನ್ನ ತಮ್ಮ ನಮ್ಮ ಬಣಿವಿಗೆ ಬೆಂಕಿ ಹಚ್ಚತಾನವ್ವ. ಅಲ್ಲೇ ಹೋಗು," ಎಂದಳು. ಸಣ್ಣ ಮಾವನ ಮನೆಗೆ ಹೋದೆವು. ಅವನು ಎರಡು ಬೆರಳಿಲ್ಲದ ಕೈಯನ್ನು ಮುಂದೆ ಹಿಡಿದ. "ಮೊದ್ಲು ಅವ್ನ ಮನಿಗೆ ಹೋಗಿದ್ದಿ ಅಂತಲ್ಲ? ಅಲ್ಲೇ ಮಲಗು."

ಅವ್ವ ಅಳುತ್ತಾಳೆ ಎಂದುಕೊಂಡೆ. ಅವಳು ನೇರ ಹಳೆಯ ಮನೆಗೆ ನಡೆದಳು. ಕುಸಿದ ಗೋಡೆಯ ಮೇಲೆ ಹತ್ತಿ ಒಳಗಿಳಿದು, ನಡುಗಂಬದ ಬುಡದ ಮಣ್ಣು ಸರಿಸಿ, ಯಾವಾಗಿನಂತೆ ಬೆನ್ನು ಕೊಟ್ಟು ಕೂತಳು. ನಾನೂ ಪಕ್ಕಕ್ಕೆ ಕೂತೆ. ಇಬ್ಬರು ಮಾವಂದಿರ ಬಣವೆಗೂ ನಾನೇ ಬೆಂಕಿ ಹಚ್ಚಬೇಕು ಅನ್ನಿಸುತ್ತಿತ್ತು.

"ತವರು ಅಂದ್ರ ಇದು ನೋಡು," ಎಂದಳು ಅವ್ವ, ಕಂಬವನ್ನು ತಟ್ಟಿ. "ಅವರಿಬ್ರೂ ಅಲ್ಲ."

"ಅದನ್ನ ತಗೊಂಡು ಹೋಗಿ ಅಪ್ಪನ ಜಾಗದಾಗ ನಿಲ್ಸಿದ್ರ?"

ಅವಳು ಕಂಬದ ಬುಡದ ದೂಳು ಒರೆಸುತ್ತ ಹೇಳಿದಳು. "ಸಿರುಗುಪ್ಪಿ ಬಸ್ಸು ಭಾಳ ದೂರ ಆಗ್ತೈತಿ ಈಗೀಗ. ಒಂದಿನ ಬಸ್ ಸ್ಟ್ಯಾಂಡಿಗೆ ಹೋಗೋದ್ರಾಗ ನನ್ನ ಜೀವಾ ಹೋಗತೈತಿ. ತವರು ಹತ್ರ ಇದ್ರ ಚಲೋ ಅಲ್ಲನು?"

ನನಗೆ ಅವಳು ಸೋತಳು ಅನ್ನಿಸಿತು. ಹಲ್ಲು ಮುರಿದಾಗಲೇ ಸೋತಿದ್ದಾಳೆ, ಈಗ ಅದಕ್ಕೊಂದು ಸಮಾಧಾನ ಹುಡುಕುತ್ತಿದ್ದಾಳೆ ಅಂದುಕೊಂಡೆ. ಬಳ್ಳಾರಿ ಮುಟ್ಟಿದ ಮೇಲೆ ಅವ್ವ ಅಪ್ಪನಿಗೆ, "ಉಡಿ ಒಡ್ಡತೀನಿ," ಎಂದಳು.

ಹಿರಿಯರು ಕೂತದ್ದು ಅದೇ ಮನೆಯ ಮುಂದಿನ ಬೇವಿನ ಕೆಳಗೆ. ಮಾವಂದಿರು ಎರಡು ಕಡೆ ಕೂತು ಎರಡು ದಿಕ್ಕು ನೋಡುತ್ತಿದ್ದರು. ಅಪ್ಪ ಹೊಸ ಧೋತರ ಉಟ್ಟು, ವಿಭೂತಿ ಎದ್ದು ಕಾಣುವ ಹಾಗೆ ಹಚ್ಚಿಕೊಂಡು, ಮದುವೆಗೆ ಬಂದವನಂತೆ ಓಡಾಡುತ್ತಿದ್ದ. ಎಲ್ಲಿ ಯಾರಾದರೂ ಮಾತು ಮರೆತಾರೋ ಎಂದು, "ಅರಿಶಿಣ ಕುಂಕುಮ ಅಂತ ಗಟ್ಟಿಯಾಗಿ ಅನ್ರಿ, ಎಲ್ಲರಿಗೂ ಕೇಳ್ಲಿ," ಎಂದು ಅವನೇ ನೆನಪಿಸಿದ.

ಎಲ್ಲರಿಗಿಂತ ಹಿರಿಯ ಮುದುಕ ಅಪ್ಪನ ಕಡೆ ತಿರುಗಿದ. "ಅಳಿಯಂದ್ರ, ಇದು ಹೆಣ್ಮಗಳದ್ದು. ಅಣ್ಣತಮ್ಮರದ್ದಲ್ಲ, ಗಂಡಂದೂ ಅಲ್ಲ. ಒಪ್ಪಿಗಿ ಐತೇನು?"

ಅಪ್ಪ ನಕ್ಕ. ಮರಮುಟ್ಟು ಕೈಗೆ ಬಂದ ಖುಷಿಯಲ್ಲಿದ್ದ. "ಐತ್ರಿ, ಐತ್ರಿ. ನಾನು ಆ ಮನಿಗೆ ಆಗ್ಲೂ ಅಳಿಯ, ಇನ್ನ ಮ್ಯಾಲೂ ಅಳಿಯ. ಉಣ್ಣು ಅಂದ್ರ ಉಣ್ತೀನಿ, ಹೋಗು ಅಂದ್ರ ಹೋಗ್ತೀನಿ!"

ಜನ ಹೋ ಎಂದು ನಕ್ಕರು. ಅವ್ವ ನಗಲಿಲ್ಲ. ಎದ್ದು ಬಂದು ಸೆರಗಿನ ಉಡಿ ಒಡ್ಡಿದಳು. ದೊಡ್ಡ ಮಾವನ ಹೆಂಡತಿ ಅಕ್ಕಿ, ಕೊಬ್ಬರಿ, ಅರಿಶಿನ, ಕುಂಕುಮ ಹಾಕಿದಳು. ಮಾವಂದಿರು ಒಬ್ಬರ ಮುಖ ಒಬ್ಬರು ನೋಡದೆ ಎರಡು ಕೀಲಿಕೈಗಳನ್ನು ಹಾಕಿದರು. ಅವ್ವ ಉಡಿಯನ್ನು ಸೊಂಟಕ್ಕೆ ಭದ್ರವಾಗಿ ಸಿಗಿಸಿಕೊಂಡು ಮುದುಕನ ಕಾಲಿಗೆ ಬಿದ್ದಳು.

ಹಳೆಯ ಮನೆ ಎಂದರೆ ಜನ ಕಣ್ಣು ತೇವ ಮಾಡಿಕೊಂಡು ಮಾತಾಡುತ್ತಾರೆ. ಮನೆ ಬಿಚ್ಚುವುದನ್ನು ನೋಡಿದವರು ಹಾಗೆ ಮಾತಾಡಲಾರರು. ಮಾಳಿಗೆಯ ಮಣ್ಣನ್ನು ಗುದ್ದಲಿಯಿಂದ ಅಗೆದು ಕೆಳಗೆ ದೂಡಿದಾಗ ಎದ್ದ ದೂಳಿಗೆ ಹಗಲೇ ಕತ್ತಲಾಯಿತು. ಜಂತೆಗಳ ಸಂದಿಯಿಂದ ಚೇಳುಗಳು ಉದುರಿದವು. ಆಳುಗಳು ಬಯ್ಯುತ್ತ, ಮೆಟ್ಟುತ್ತ, ಮತ್ತೆ ಅಗೆದರು. ಒಂದು ತೊಲೆ ಹಗ್ಗ ಹರಿದುಕೊಂಡು ಬಿದ್ದು ಒಬ್ಬ ಆಳಿನ ಪಾದ ಜಜ್ಜಿತು. ಅವನ ಕೂಗಿಗೆ ಮನೆಯೊಳಗಿನ ಪಾರಿವಾಳಗಳು ಒಟ್ಟಿಗೆ ಹಾರಿ ಹೋದವು. ಅಪ್ಪ ಬಗ್ಗಿ ನೋಡಿದ್ದು ತೊಲೆ ಸೀಳಿದೆಯೇ ಎಂದು.

ಕೊನೆಗೆ ಉಳಿದದ್ದು ತಲೆಬಾಗಿಲು. ಅದರ ಹೊಸ್ತಿಲು ಕೀಳುವಾಗ ಇಬ್ಬರು ಮಾವಂದಿರೂ ಬಂದರು, ಕರೆಯದೆಯೇ ಬಂದರು. ಹೊಸ್ತಿಲು ಎತ್ತುವುದು ಹಿರಿಮಗನ ಹಕ್ಕೆಂದು ಒಬ್ಬ, ಹಕ್ಕಿನ ಮಾತು ಕೊಡಲಿ ಎತ್ತಿದ ದಿನವೇ ಮುಗಿಯಿತೆಂದು ಒಬ್ಬ. ಹಾರೆ ಒಬ್ಬನ ಕೈಗೆ ಬಂತು. ಇನ್ನೊಬ್ಬ ಸುತ್ತಿಗೆ ಎತ್ತಿದ. ಆಳುಗಳು ಹಿಂದೆ ಸರಿದರು. ಅವ್ವ ಹೋಗಿ ಹೊಸ್ತಿಲ ಮೇಲೆ ಕೂತುಬಿಟ್ಟಳು.

"ಹೊಡೀರಿ," ಎಂದಳು. "ನಡುವ ನಾನದೀನಿ. ಎಲ್ಲಾರ್ದೂ ನನ್ನ ಮ್ಯಾಲೆ ಬೀಳ್ಲಿ. ರೂಢಿ ಐತಿ ನನಗ."

ಹಾರೆ ಕೆಳಗೆ ಇಳಿಯಿತು, ಸುತ್ತಿಗೆಯೂ ಇಳಿಯಿತು. ಇಬ್ಬರೂ ಕೂಡಿಯೇ ಹೊಸ್ತಿಲು ಎತ್ತಿ ಲಾರಿಗೆ ಹಾಕಿದರು. ಅಷ್ಟಕ್ಕೆ ಅಣ್ಣತಮ್ಮ ಒಂದಾದರು ಎಂದು ಯಾರೂ ತಿಳಿಯಬಾರದು. ಹಾಕಿದ ಕೂಡಲೇ ಇಬ್ಬರೂ ಲಾರಿಯ ಎರಡು ಬದಿಗೆ ಉಗುಳಿ ತಮ್ಮ ತಮ್ಮ ದಾರಿ ಹಿಡಿದರು. ಸಾಯುವವರೆಗೂ ಅವರು ಮಾತಾಡಲಿಲ್ಲ.

ಬಳ್ಳಾರಿಯಲ್ಲಿ ಇಟ್ಟಿಗೆ ಗೋಡೆ ಎದ್ದು, ಅದೇ ಕಂಬ, ಅದೇ ತೊಲೆ, ಅದೇ ಏಳಂಕಣ ನಿಂತವು. ನಡುಗಂಬ ನಿಲ್ಲಿಸುವ ದಿನ ಬಡಿಗ ಗಾಯವನ್ನು ಹಿಂದಕ್ಕೆ ತಿರುಗಿಸಲು ಹೊರಟ. ಹಾಗೇ ಮಾಡೆಂದು ಅಪ್ಪನೂ ಹೇಳಿದ, ಬಂದವರಿಗೆ ಕಾಣಬಾರದಲ್ಲ. ಅವ್ವ ಅಡುಗೆ ಬಿಟ್ಟು ಬಂದು, "ಗಾಯ ಮುಂದ ಬರ್ಲಿ," ಎಂದಳು. ಅಪ್ಪನ ಕೈ ಮೇಲೆ ಹೋಯಿತು. ಬಡಿಗನೂ ಆಳುಗಳೂ ನೋಡುತ್ತಿದ್ದರು. "ಮನಿ ಅಮ್ಮಂದಂತಲ್ರೀ, ಆಕಿ ಅಂದಂಗ ಮಾಡ್ತೀನಿ," ಎಂದು ಬಡಿಗ ಕಂಬ ತಿರುಗಿಸಿದ. ಅಪ್ಪ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ. ಕರೂರಿನ ಮಾತು ಬಡಿಗನವರೆಗೂ ಬಂದಿದೆ ಎಂದು ಅವನಿಗೆ ಆಗಲಾದರೂ ತಿಳಿಯಬೇಕಿತ್ತು.

ಮನೆ ಹೊಕ್ಕು ಹಾಲುಕ್ಕಿಸಿ ಇನ್ನೂ ತೋರಣ ಒಣಗಿರಲಿಲ್ಲ. ಅಮಾವಾಸ್ಯೆಯ ದಿನ. ಅಂಗಡಿಯ ಪೂಜೆ ಮುಗಿಸಿ ಅಪ್ಪ ಮಧ್ಯಾಹ್ನ ಮನೆಗೆ ಬಂದ. ಯಾರೊಡನೆಯೋ ಜಗಳ ಮಾಡಿಕೊಂಡು ಬಂದಿದ್ದ, ಮುಖ ಉಬ್ಬಿತ್ತು. ಗಂಗಾಳದ ಮುಂದೆ ಕೂತವನು ಬದನೆಕಾಯಿ ಪಲ್ಯ ಬಾಯಿಗಿಟ್ಟು, ಗಂಗಾಳವನ್ನು ಎತ್ತಿ ಅವ್ವನ ಎದೆಗೆ ಎಸೆದ. ಎದ್ದು ಹೋಗಿ ಬಾಗಿಲ ಹಿಂದಿನಿಂದ ಗಜ ತಂದ. ಹೊಸ ಮನೆಯಲ್ಲೂ ಅದಕ್ಕೆ ಅದೇ ಜಾಗ ಕೊಟ್ಟಿದ್ದ.

ಮೊದಲ ಏಟು ಅವ್ವನ ಹೆಗಲಿಗೆ ಬಿತ್ತು. ಎರಡನೆಯದು ಸೊಟ್ಟ ಕೈಗೆ. ಅವಳು ಹಿಂದೆ ಹಿಂದೆ ಸರಿದು ನಡುಗಂಬಕ್ಕೆ ಬೆನ್ನು ಕೊಟ್ಟು ನಿಂತಳು. ಮೂರನೆಯದು ಅವಳ ಕಿವಿಯ ಪಕ್ಕ ಹಾದು ಕಂಬಕ್ಕೆ ಬಡಿಯಿತು. ಕಬ್ಬಿಣ ಝಣ್ ಎಂದು ಅವನ ಅಂಗೈಯನ್ನು ಜೋಮು ಹಿಡಿಸಿತು. ಅಪ್ಪ ಕೈ ಕೊಡವುತ್ತ, ಏದುಸಿರು ಬಿಡುತ್ತ, ಹದಿನೆಂಟು ವರ್ಷ ಹೇಳಿದ್ದನ್ನೇ ಹೇಳಿದ. "ಹೋಗು! ಹೋಗು ನಿನ್ನ ತವರಮನಿಗೆ!"

"ಬಂದೀನಿ," ಎಂದಳು ಅವ್ವ.

ಅಪ್ಪನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

"ಇದ ನನ್ನ ತವರಮನಿ. ನಾನು ಬಂದು ಮುಟ್ಟೀನಿ. ನೀವು ಹೊರಗ ನಡೀರಿ."

"ಏನಂದಿ ಲೇ?"

"ಹೋಗು ಅಂದ್ರ ಹೋಗ್ತೀನಿ ಅಂದಿದ್ರಲ್ಲ ಊರ ಮುಂದ? ಹೋಗ್ರಿ ಅನ್ನಾಕತ್ತೀನಿ."

ಅಪ್ಪ ಗಜ ಬೀಸಿದ. ಅವ್ವ ಅದನ್ನು ಎರಡೂ ಕೈಯಿಂದ ಹಿಡಿದಳು. ಅಂಗೈ ಹರಿದು ರಕ್ತ ಬಂತು, ಬಿಡಲಿಲ್ಲ. ನಾನು ಹಿಂದಿನಿಂದ ಹೋಗಿ ಅಪ್ಪನ ಮುಂಗೈ ಕಚ್ಚಿದೆ. ಜೀವಮಾನದ ಸಿಟ್ಟೆಲ್ಲ ಹಲ್ಲಿಗೆ ತಂದು ಕಚ್ಚಿದೆ. ಅವನು ಒದರಿ ಗಜ ಬಿಟ್ಟ. ಅವ್ವ ಅದನ್ನು ತಿರುಗಿಸಿ ಅವನ ತೊಡೆಗೆ, ಮತ್ತೆ ಅದೇ ತೊಡೆಗೆ ಹೊಡೆದಳು. ಅವನು ಹಿಂದೆ ಸರಿದ. ಅವಳು ಹೊಡೆಯುತ್ತ ಅವನನ್ನು ಹೊಸ್ತಿಲವರೆಗೆ ತಂದು ಎದೆಗೆ ಕೈ ಕೊಟ್ಟು ತಳ್ಳಿದಳು. ಅಪ್ಪ ಕಟ್ಟೆಯಿಂದ ಉರುಳಿ ಬೀದಿಗೆ ಬಿದ್ದ. ಅವ್ವ ಬಾಗಿಲು ಹಾಕಿ ಅಗುಳಿ ಎಳೆದಳು.

ಅವನು ಬಾಗಿಲಿಗೆ ಒದ್ದ, ಕಲ್ಲು ತಂದು ಕುಟ್ಟಿದ. ಕಳ್ಳರಿಗೆಂದು ಮಾಡಿದ ಬಾಗಿಲು ಅದು, ಜವಳಿ ಅಂಗಡಿಯವನ ಒದೆತಕ್ಕೆ ಅಲ್ಲಾಡುತ್ತದೆಯೇ? "ಜಾಗಾ ನಂದಲೇ!" ಎಂದು ಅವನು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ. ಅವ್ವ ಒಳಗಿನಿಂದಲೇ ಕೂಗಿದಳು. "ಜಾಗಾ ನಿಮ್ಮದಾದ್ರ ಹೊತ್ಕೊಂಡು ಹೋಗ್ರಿ! ಮನಿ ನಂದು!" ಹೊರಗೆ ಯಾರೋ ನಕ್ಕರು. ಬಾಗಿಲ ಸಂದಿಯಿಂದ ಇಣುಕಿ ನೋಡಿದೆ. ಅಪ್ಪ ದೂಳು ಮೆತ್ತಿದ ಧೋತರದಲ್ಲಿ, ಹಲ್ಲಿನ ಗುರುತಿನ ಕೈ ಹಿಡಿದುಕೊಂಡು ಬೀದಿಯಲ್ಲಿ ನಿಂತಿದ್ದ. ನನಗೆ ಸಂತೋಷವಾಯಿತು. ಹೆತ್ತ ತಂದೆಯನ್ನು ಆ ಸ್ಥಿತಿಯಲ್ಲಿ ನೋಡಿ ಮಗಳಿಗೆ ಹಾಗಾಗಬಾರದು ಅನ್ನುವವರಿದ್ದಾರೆ. ಅವರು ಬಂದು ನನ್ನ ಹುಬ್ಬು ನೋಡಲಿ.

ಅಪ್ಪ ತನ್ನ ಊರಾದ ಕುರುಗೋಡಿಗೆ, ಅವನ ಅಣ್ಣನ ಮನೆಗೆ ಹೋದ. ಅಲ್ಲಿ ಏನು ಹೇಳಿಕೊಂಡನೋ ಗೊತ್ತಿಲ್ಲ. ಹಿರಿಯರನ್ನು ಕೂಡಿಸಿದರೆ ಕರೂರಿನವರು ಬಂದು ಅವನದೇ ಮಾತನ್ನು ಅವನ ಮುಂದೆ ಇಡುತ್ತಾರೆ ಎಂಬುದಂತೂ ಅವನಿಗೆ ಗೊತ್ತಿತ್ತು. ಬೆಳಿಗ್ಗೆ ಕುರುಗೋಡಿನ ಬಸ್ಸು ಹಿಡಿದು ಅಂಗಡಿಗೆ ಬಂದು, ಸಂಜೆ ತಿರುಗಿ ಅದೇ ಬಸ್ಸಿಗೆ ಹೋಗುತ್ತಾನೆಂದು ಜನ ಹೇಳುತ್ತಿದ್ದರು. ಅವ್ವ ಕೈಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿಕೊಂಡು ದಿನಾ ರೊಟ್ಟಿ ಬಡಿದಳು. ರಾತ್ರಿ ನಾವು ಅಗುಳಿ ಹಾಕಿ ಮಲಗಿದೆವು.

ಮುಂದಿನ ಅಮಾವಾಸ್ಯೆಗೆ ಮೊದಲು ಒಂದು ಸಂಜೆ ಬಾಗಿಲು ತೆರೆದರೆ ಅಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಕರೂರಿನಲ್ಲಿ ಅವ್ವನನ್ನು ಕರೆಯಲು ಬಂದಾಗ ಕೂರುತ್ತಿದ್ದ ಹಾಗೆಯೇ, ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ತೆಳ್ಳಗಾಗಿದ್ದ. ಅವ್ವ ಹೊಸ್ತಿಲ ಒಳಗೆ ನಿಂತಳು. ಅವಳ ಕೈಯಲ್ಲಿ ಗಜ ಇರಲಿಲ್ಲ, ಅದನ್ನು ಅವಳು ಆಗಲೇ ಮನೆಯ ಹಿಂದಿನ ಹಾಳು ಬಾವಿಗೆ ಎಸೆದಿದ್ದಳು.

"ಯಾರನ್ನ ಕರಕೊಂಡು ಹೋಗಾಕ ಬಂದೀರಿ?" ಎಂದು ಕೇಳಿದಳು.

ಕರೆದುಕೊಂಡು ಹೋಗಲು ಅಪ್ಪನಿಗೆ ಮನೆಯೇ ಇರಲಿಲ್ಲ. ನನ್ನನ್ನು ನೋಡಿದ, ಬಾಗಿಲನ್ನು ನೋಡಿದ, ಒಳಗೆ ಕಾಣುತ್ತಿದ್ದ ಕಂಬದ ಗಾಯವನ್ನು ನೋಡಿದ.

"ಒಳಗ ಬರೋದಿದ್ರ ಬರ್ರಿ," ಎಂದಳು ಅವ್ವ. "ಅಳಿಯಾ ಬಂ‍ದಂಗ ಬರ್ರಿ. ಕೈ ಎತ್ತಿದ ದಿನ ಮತ್ತ ಕಟ್ಟಿ ಮ್ಯಾಲ."

ಅವ್ವ ಕಣ್ಸನ್ನೆ ಮಾಡಿದಳು. ನಾನು ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದೆ. ಅಪ್ಪ ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ತಲೆ ಬಗ್ಗಿಸಿ ಒಳಗೆ ಬಂದ.